ಪಾಪಮ್ಮತ್ತೆಯ ಮನೆಯ ಹಾಲು

ಹಾಲು ಒಡೆಯಬಹುದಿತ್ತು. ಹೊಸ ಮಡಕೆ ಬೆಂಕಿ ತಾಗಿದ ಕೂಡಲೇ ಬಿರಿಯಬಹುದಿತ್ತು. ಶಿಡ್ಲಘಟ್ಟದಿಂದ ಬರಬೇಕಾದ ಪುರೋಹಿತರಿಗೆ ಬಸ್ಸು ತಪ್ಪಬಹುದಿತ್ತು, ಬಸ್ಸು ಸಿಕ್ಕರೂ ಅವರು ನಿದ್ದೆ ಹೋಗಿ ಬೆಂಗಳೂರಿನವರೆಗೆ ಹೋಗಿಬಿಡಬಹುದಿತ್ತು. ನಾವು ಕೂತಿದ್ದ ಟೆಂಪೋ ಪಂಕ್ಚರ್ ಆಗಿ ಅಜ್ಜಿಯ ಮಡಿಲಲ್ಲಿದ್ದ ಹೆಪ್ಪಿನ ಪಾತ್ರೆ, ಅವಳ ಮರದ ಮರಿಗೆ, ಮಗುಚಿಕೊಳ್ಳಬಹುದಿತ್ತು. ಹೊಸ ಬಾಯ್ಲರ್ ಸಿಡಿಯಬಹುದಿತ್ತು, ಮಿಷನ್ನು ನನ್ನ ಜಡೆಯನ್ನು ಎಳೆದುಕೊಳ್ಳಬಹುದಿತ್ತು, ಉಪ್ಪಿಟ್ಟು ಸಾಲದೆ ಚಿಂತಾಮಣಿ ಕಡೆಯ ನೆಂಟರು ಮಾತಾಡಿಕೊಳ್ಳಬಹುದಿತ್ತು. ಪಾಪಮ್ಮತ್ತೆ ಬರದೇ ಇರಬಹುದಿತ್ತು. ಬಂದು, ಅಪ್ಪನ ಮುಖ ನೋಡಿ, ಬಂದ ದಾರಿಯಲ್ಲೇ ವಾಪಸ್ಸು ಹೋಗಬಹುದಿತ್ತು. ಎಲ್ಲ ಸರಿಹೋಗಿ, ಕೊನೆಗೆ ಹಾಲೇ ಉಕ್ಕದೆ, ಅಜ್ಜಿ ಮರಿಗೆಯನ್ನು ಮತ್ತೆ ಬಟ್ಟೆಯಲ್ಲಿ ಕಟ್ಟಿ "ನಡೀರಿ ಊರಿಗೆ" ಎನ್ನಬಹುದಿತ್ತು. ಆಗ ನನಗೆ ಹತ್ತೋ ಹನ್ನೊಂದೋ ವಯಸ್ಸು. ಅಪ್ಪನ ಹೊಸ ಶೆಡ್ಡಿನಲ್ಲಿ ಹಾಲುಕ್ಕಿಸುವ ದಿನಕ್ಕೆ ಒಂದು ವಾರ ಮೊದಲೇ ಇವನ್ನೆಲ್ಲ ಬೆರಳು ಮಡಚಿ ಎಣಿಸಿದ್ದೆ. ಬೆರಳು ಮುಗಿದ ಮೇಲೆ ಗೆಣ್ಣುಗಳ ಲೆಕ್ಕಕ್ಕೆ ಇಳಿದಿದ್ದೆ. ಈಗಲೂ ನನ್ನ ಪದ್ಧತಿ ಅದೇ. ಮುರುಗಮಲ್ಲದ ಕಡೆಯಿಂದ ನಮ್ಮ ಕಂಪನಿಗೆ ಬರುವ ಹಾಲಿನ ಟ್ಯಾಂಕರ್ ಹತ್ತು ನಿಮಿಷ ತಡವಾದರೆ, ಅಲ್ಲಿನ ದರ್ಗಾದ ಹತ್ತಿರ ಜನ ಹೆಚ್ಚಿರಬೇಕು ಎಂದು ನನ್ನ ತಮ್ಮ ಟೀ ಕುಡಿಯುತ್ತಾನೆ. ಅಷ್ಟರಲ್ಲಿ ನಾನು ಡ್ರೈವರ್ ಹೆಂಡತಿಗೆ ಏನು ಹೇಳಬೇಕು ಎಂಬುದನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿ ಮುಗಿಸಿರುತ್ತೇನೆ.

ಈ ಸ್ವಭಾವ ಎಲ್ಲಿಂದ ಬಂತು ಎಂದು ಕೇಳುವವರಿಗೆ ನಮ್ಮ ಹಳೆಯ ಮನೆಯ ಅಡಿಗೆಕೋಣೆಯನ್ನು ತೋರಿಸಬೇಕು. ಸಾದಲಿಯಿಂದ ಸ್ವಲ್ಪ ಒಳಗಿರುವ ಊರು. ಮುಂದೆ ಜಗಲಿ, ಆಮೇಲೆ ನಡುಮನೆ, ಅದರ ಎಡಕ್ಕೆ ರೇಷ್ಮೆಹುಳು ಸಾಕುವ ಉದ್ದನೆಯ ಕೋಣೆ, ಹಿಂದೆ ಅಡಿಗೆಮನೆ, ಅದರ ಹಿಂದೆ ಕೊಟ್ಟಿಗೆ. ಈ ಮನೆಯಲ್ಲಿ ಎರಡು ಪಕ್ಷಗಳಿದ್ದವು. ಅಮ್ಮ ಹುಳುವಿನ ಪಕ್ಷ, ಅಜ್ಜಿ ಹಾಲಿನ ಪಕ್ಷ. ಹುಳುಗಳಿಗೆ ವಾಸನೆ ಆಗುವುದಿಲ್ಲ. ಅವು ಸೊಪ್ಪು ತಿನ್ನುವುದು ಬಿಟ್ಟು, ಪೊರೆ ಕಳಚುವ ಮೊದಲಿನ ಜ್ವರಕ್ಕೆ ಕೂತವೆಂದರೆ ಅಮ್ಮ ಒಗ್ಗರಣೆ ಹಾಕಲು ಬಿಡುತ್ತಿರಲಿಲ್ಲ. ಬೆಳ್ಳುಳ್ಳಿ ಇಲ್ಲದ ಸಾರು, ಸಪ್ಪೆ ಪಲ್ಯ ತಿಂದುಕೊಂಡು ನಾವೂ ಹುಳುಗಳ ಜೊತೆ ಜ್ವರಕ್ಕೆ ಕೂತಂತೆ ಇರುತ್ತಿದ್ದೆವು. ಹುಳಿ ಮೊಸರಿನ ವಾಸನೆಯಂತೂ ಅಮ್ಮನಿಗೆ ಶತ್ರು. ಆದರೆ ಅಜ್ಜಿಯ ಮೊಸರು ಹುಳಿಯಾಗುತ್ತಿರಲಿಲ್ಲ. ಮರಿಗೆ ಓರೆ ಮಾಡಿದರೂ ಅಲುಗದ, ಹಲ್ಲಿಗೆ ತಂಪಾಗಿ ತಾಗುವ ಮೊಸರು ಅದು. ಅದರ ಹೆಪ್ಪನ್ನು ಅಜ್ಜಿ ಮದುವೆಯಾಗಿ ಬರುವಾಗ ಆಂಧ್ರದ ಗಡಿಯಾಚೆಯ ತವರಿನಿಂದ ತಂದಿದ್ದಳು. ಒಂದು ದಿನವೂ ತಪ್ಪದಂತೆ, ನಿನ್ನೆಯ ಮೊಸರಿನಿಂದ ಒಂದು ಚಮಚ ಇವತ್ತಿನ ಹಾಲಿಗೆ. ಸೂತಕದ ದಿನಗಳಲ್ಲೂ ಹೆಪ್ಪು ಪಕ್ಕದ ಮನೆಗೆ ಹೋಗಿ ಇದ್ದು ಬರುತ್ತಿತ್ತು. ದೀಪ ಹಚ್ಚಿದ ಮೇಲೆ ಅದನ್ನು ಯಾರಿಗೂ ಕೊಡುವ ಹಾಗಿಲ್ಲ, ಕೇಳದೆ ತೆಗೆದುಕೊಳ್ಳುವ ಹಾಗಂತೂ ಇಲ್ಲವೇ ಇಲ್ಲ. ಕದ್ದ ಹೆಪ್ಪು ಮನೆಯ ಹಾಲನ್ನೆಲ್ಲ ಕೆಡಿಸುತ್ತದೆ ಎಂಬುದು ಅಜ್ಜಿಯ ಕಾನೂನು. ಅಪ್ಪ ಇದನ್ನು ನಂಬುತ್ತಿರಲಿಲ್ಲ. ಆದರೆ ಕದ್ದು ನೋಡಲೂ ಇಲ್ಲ.

ಅಪ್ಪ ಮೊದಲು ಸೈಕಲ್ಲಿಗೆ ಎರಡು ಕ್ಯಾನು ಕಟ್ಟಿ ಶಿಡ್ಲಘಟ್ಟದ ಹೋಟೆಲುಗಳಿಗೆ ಮೊಸರು ಹಾಕುತ್ತಿದ್ದ. ಆಮೇಲೆ ಚಿಕ್ಕಬಳ್ಳಾಪುರದ ಹೋಟೆಲಿನವರು ಕೇಳಿದರು. ಸ್ವಂತ ಕೊಟ್ಟಿಗೆಯ ಹಾಲು ಸಾಲದೆ ಊರಿನವರ ಹಾಲು ಕೊಳ್ಳತೊಡಗಿದ. ಕಂಪನಿಗಳ ಬೆಳವಣಿಗೆಯನ್ನು ಜನ ಯಾವಯಾವುದರಿಂದಲೋ ಅಳೆಯುತ್ತಾರೆ. ನಾನು ಕೋಣೆಗಳಿಂದ ಅಳೆಯುತ್ತೇನೆ. ಮೊದಲು ಜಗಲಿ ಹೋಯಿತು, ಅಲ್ಲಿ ಹಾಲು ಅಳೆಯುವವರ ಸಾಲು. ಆಮೇಲೆ ನಡುಮನೆ ಹೋಯಿತು, ಅಲ್ಲಿ ಕ್ಯಾನುಗಳು. ನಾವು ಕ್ಯಾನುಗಳ ನಡುವೆ ಚಾಪೆ ಹಾಸಿ ಊಟಕ್ಕೆ ಕೂರುತ್ತಿದ್ದೆವು. ಕೊನೆಗೆ ಒಂದು ಬೆಳೆಯ ಗೂಡು ಮಾರ್ಕೆಟ್ಟಿಗೆ ಹೋದ ಮೇಲೆ ಅಮ್ಮ ಹೊಸ ಮೊಟ್ಟೆ ತರಿಸಲಿಲ್ಲ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ತೊಳೆದು ಅಟ್ಟಕ್ಕೆ ಹಾಕಿ, ಹುಳುವಿನ ಕೋಣೆಯ ಬೀಗದಕೈಯನ್ನು ಅಜ್ಜಿಯ ಮುಂದಿಟ್ಟು, ಆ ಸಂಜೆ ಬೇಕೆಂದೇ ಬೆಳ್ಳುಳ್ಳಿ ಹೆಚ್ಚಾಗಿ ಹಾಕಿ ಒಗ್ಗರಣೆ ಕೊಟ್ಟಳು. ಸೋತವರು ಅಷ್ಟು ರುಚಿಯಾಗಿ ಅಡಿಗೆ ಮಾಡಿದ್ದನ್ನು ನಾನು ಮತ್ತೆ ಕಂಡಿಲ್ಲ.

ನನ್ನ ಕೆಲಸ ಹಾಲಿನ ಕಾವಲು. ಹೆಪ್ಪು ಹಾಕುವ ಮೊದಲು ಹಾಲನ್ನು ದೊಡ್ಡ ಕೊಪ್ಪರಿಗೆಯಲ್ಲಿ ಕಾಯಿಸಬೇಕು. ಸ್ಕೂಲಿಗೆ ಹೋಗುವ ಮೊದಲು ಒಂದು ಸಲ, ಬಂದ ಮೇಲೆ ಒಂದು ಸಲ ಅದರ ಮುಂದೆ ಮಣೆ ಹಾಕಿಕೊಂಡು ಕೂರಬೇಕು. ಬಲಗೈ ಪಕ್ಕದಲ್ಲಿ ಒಂದು ಚೊಂಬು ನೀರು. ಹಾಲು ಅಂಚಿನ ತನಕ ಏರಿ ಬಂದಾಗ ನಾಲ್ಕು ಹನಿ ಚಿಮುಕಿಸಬೇಕು, ಅದು ಇಳಿಯುತ್ತದೆ. ಮತ್ತೆ ಏರುತ್ತದೆ, ಮತ್ತೆ ನಾಲ್ಕು ಹನಿ. ಹಾಲು ಉಕ್ಕಿ ಬೆಂಕಿಗೆ ಬಿದ್ದರೆ ಅದನ್ನು ಕೊಟ್ಟ ಹಸುವಿನ ಕೆಚ್ಚಲಿಗೆ ಉರಿ ಹತ್ತುತ್ತದೆ ಎಂದು ಅಜ್ಜಿ ಹೇಳಿದ್ದಳು. ಹಾಗಾಗಿ ಊರಿನ ಅಷ್ಟೂ ಹಸುಗಳ ಕೆಚ್ಚಲು ನನ್ನ ಬಲಗೈಯಲ್ಲಿತ್ತು. ಇಂಥ ಜವಾಬ್ದಾರಿ ಇಟ್ಟುಕೊಂಡು ಮಗ್ಗಿ ಬಾಯಿಪಾಠ ಮಾಡುವುದು ಸುಲಭವಲ್ಲ. ಅಪ್ಪನಿಗೆ ಮಾತ್ರ ಈ ನಾಲ್ಕು ಹನಿಯ ಬಗ್ಗೆ ಕಸಿವಿಸಿ.

"ಅವ್ವ, ಅಷ್ಟು ನೀರೂ ಹಾಕಬಾರ್ದು. ನೀರು ಅಂದ್ರೆ ನೀರೇ."

"ಸೌಟು ಆಡಿಸಿದ್ರೆ ಕೆನೆ ಒಡೀತದೆ. ಮತ್ತೇನು, ಬಾಯಲ್ಲಿ ಊದ್ಲೇನೋ? ಎಂಜಲು ಮೊಸರು ಮಾರ್ತೀಯಾ ಚಿಕ್ಕಬಳ್ಳಾಪುರದಾಗೆ?"

ನೀರಿನ ವಿಷಯದಲ್ಲಿ ಅಪ್ಪ ಸುಮ್ಮನಾಗುತ್ತಿದ್ದದ್ದು ಅಜ್ಜಿಯ ಮುಂದೆ ಮಾತ್ರ. ಒಂದು ದಿನ ಅವನು ಚಿಕ್ಕಬಳ್ಳಾಪುರದಿಂದ ಲ್ಯಾಕ್ಟೋಮೀಟರ್ ತಂದ. ಟವೆಲ್ಲಿನಲ್ಲಿ ಸುತ್ತಿದ, ತಳದಲ್ಲಿ ಬುರುಡೆಯಿರುವ ಗಾಜಿನ ಕಡ್ಡಿ. ಹಾಲಿನಲ್ಲಿ ಬಿಟ್ಟರೆ ತೇಲುತ್ತದೆ, ಹಾಲು ತೆಳುವಾಗಿದ್ದಷ್ಟೂ ಹೆಚ್ಚು ಮುಳುಗುತ್ತದೆ. ಅದಕ್ಕೆ ಕುಂಕುಮವಿಟ್ಟು ದೇವರ ಗೂಡಿನಲ್ಲಿಟ್ಟರು. ಮರುದಿನ ಬೆಳಿಗ್ಗೆ ಜಗಲಿಯ ಮುಂದೆ ಹಾಲಿನ ಸಾಲು ನಿಂತಿತ್ತು. ಎಲ್ಲರಿಗಿಂತ ಮುಂದೆ, ಎಂದಿನಂತೆ, ಪಾಪಮ್ಮತ್ತೆ. ಅವಳು ಅಪ್ಪನ ಒಡಹುಟ್ಟಿದ ಅಕ್ಕ, ನಮ್ಮ ಹಿಂದಿನ ಬೀದಿಗೇ ಮದುವೆಯಾಗಿ ಹೋದವಳು. ಅವಳ ಕೊಟ್ಟಿಗೆಗೂ ನಮ್ಮ ಜಗಲಿಗೂ ಒಂದು ಹುಣಸೆಮರ ಅಡ್ಡ, ಅಷ್ಟೇ. ಹಾಲು ಕರೆದು ಸೆರಗಲ್ಲಿ ಕೈ ಒರೆಸಿಕೊಳ್ಳುವುದರೊಳಗೆ ನಮ್ಮ ಮನೆಯಲ್ಲಿರುತ್ತಿದ್ದಳು. ಅಪ್ಪ ಅವಳ ಹಾಲನ್ನು ಗಾಜಿನ ಲೋಟದಂಥ ಜಾಡಿಗೆ ಸುರಿದು ಕಡ್ಡಿ ಬಿಟ್ಟ. ಕಡ್ಡಿ ಮುಳುಗಿತು. ಅಪ್ಪ ಅದನ್ನು ತೆಗೆದು ಒರೆಸಿ ಮತ್ತೆ ಬಿಟ್ಟ. ಮತ್ತೆ ಮುಳುಗಿತು.

"ಪಾಪಕ್ಕ, ಡಿಗ್ರಿ ಬರ್ತಿಲ್ಲ."

"ಹಂಗಂದ್ರೇನೋ?"

"ನೀರು ಸೇರೈತೆ ಅಂತ."

ಸಾಲಿನಲ್ಲಿ ಹಿಂದೆ ಯಾರೋ ಕೆಮ್ಮಿದರು. ಅತ್ತೆ ಅಪ್ಪನನ್ನೇ ನೋಡಿದಳು. ಅವಳು ಅಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅವಳು ಜಾಡಿಯಲ್ಲಿದ್ದ ಹಾಲನ್ನೂ ತನ್ನ ಪಾತ್ರೆಗೇ ಸುರಿದುಕೊಂಡು, "ನಿನ್ನ ಗಾಜಿನ ಕಡ್ಡಿ ನಿಂಗೆ ಅಕ್ಕ ಆಗ್ಲಪ್ಪ" ಎಂದು ಹೇಳಿ ಹೋದಳು. ಹಿಂದಿದ್ದವರ ಹಾಲೆಲ್ಲ ಪಾಸಾಯಿತು. ಅವರು ತೋಟದ ಮನೆಗಳಿಂದ, ಪಕ್ಕದ ಹಳ್ಳಿಯಿಂದ ನಡೆದು ಬಂದವರು.

ಆ ಬೆಳಿಗ್ಗೆ ನಮ್ಮ ಕಂಪನಿ ನಿಜವಾಗಿ ಹುಟ್ಟಿತು. ಸ್ವಂತ ಅಕ್ಕನ ಹಾಲನ್ನೇ ವಾಪಸ್ಸು ಕಳಿಸಿದವನು ಎಂಬ ಸುದ್ದಿ ಅಪ್ಪನಿಗಿಂತ ಮೊದಲೇ ಚಿಕ್ಕಬಳ್ಳಾಪುರ ತಲುಪಿತು. ಹೋಟೆಲಿನವರು ಅವನ ಕ್ಯಾನಿನ ಮುಚ್ಚಳ ತೆಗೆದು ನೋಡುವುದನ್ನೂ ಬಿಟ್ಟರು. ಮುಂದೆ ಗೌರಿಬಿದನೂರಿನಲ್ಲಿ, ಚಿಂತಾಮಣಿಯಲ್ಲಿ ಹಾಲು ಕೇಂದ್ರ ತೆರೆಯುವಾಗಲೆಲ್ಲ ಅವನು ಈ ಕಥೆಯನ್ನೇ ಹೇಳಿದ. ನಾನು ಓದಿ, ಕಂಪನಿಯ ಲ್ಯಾಬಿನಲ್ಲಿ ಬಿಳಿ ಕೋಟು ಹಾಕಿಕೊಂಡು ಕೂರುವ ಹೊತ್ತಿಗೆ ನನಗೆ ಒಂದು ವಿಷಯ ತಿಳಿದಿತ್ತು. ಕೆಚ್ಚಲಿನ ಬಿಸಿ ಆರದ ಹಾಲಿನಲ್ಲಿ ಆ ಕಡ್ಡಿ ಸುಳ್ಳು ಹೇಳುತ್ತದೆ. ಬಿಸಿ ಹಾಲು ತೆಳು, ಅದರಲ್ಲಿ ಕಡ್ಡಿ ಇಳಿಯುತ್ತದೆ. ಆರಿದ ಮೇಲೆ ನೋಡಬೇಕು. ಪಾಪಮ್ಮತ್ತೆಯ ಹಾಲಿನಲ್ಲಿ ನೀರಿರಲಿಲ್ಲ, ಅವಳ ಮನೆ ತೀರ ಹತ್ತಿರವಿತ್ತು, ಅಷ್ಟೇ. ಇದನ್ನು ಅಪ್ಪನಿಗೆ ಹೇಗೆ ಹೇಳುವುದೆಂದು ಮೂರು ತಿಂಗಳು ಒದ್ದಾಡಿ, ಅವನ ಬಿಪಿ ಮಾತ್ರೆ ಪಕ್ಕದಲ್ಲಿಟ್ಟುಕೊಂಡು, ಒಂದು ಭಾನುವಾರ ಹೇಳಿದೆ.

"ಗೊತ್ತು ಕಣಮ್ಮ," ಎಂದ ಅಪ್ಪ ಪೇಪರ್ ಮಡಚುತ್ತ. "ನಾಕು ದಿನಕ್ಕೇ ಗೊತ್ತಾಯ್ತು. ನಮ್ಮ ಹಸು ಹಾಲೇ ಇಟ್ಟು ನೋಡಿದ್ದೆ. ಅಷ್ಟೊತ್ತಿಗೆ ಊರೆಲ್ಲ ಹೇಳ್ಬಿಟ್ಟಿದ್ರು."

ಆದರೆ ಅದೆಲ್ಲ ಆಮೇಲಿನ ಮಾತು. ಆಗ ನಮಗೆ ಕಂಡದ್ದು ಇಷ್ಟು: ಅತ್ತೆ ನಮ್ಮ ಮನೆಗೆ ಬರುವುದನ್ನು ಬಿಟ್ಟಳು. ಹಬ್ಬಕ್ಕೆ ಬಾಗಿನ ಕಳಿಸಿದರೆ ತೆಗೆದುಕೊಳ್ಳುತ್ತಿದ್ದಳು, ಬರುತ್ತಿರಲಿಲ್ಲ. ಅಜ್ಜಿ ಈ ಬಗ್ಗೆ ಅಪ್ಪನನ್ನು ಒಂದು ಮಾತೂ ಕೇಳಲಿಲ್ಲ. ಎರಡು ದಿನಕ್ಕೊಮ್ಮೆ, ದೀಪ ಹಚ್ಚುವ ಮೊದಲು, ಒಂದು ಬಟ್ಟಲು ಮೊಸರನ್ನು ನನ್ನ ಕೈಯಲ್ಲಿ ಹುಣಸೆಮರದಾಚೆಗೆ ಕಳಿಸುತ್ತಿದ್ದಳು. ಬಟ್ಟಲು ತೊಳೆದು, ಬರಿದಾಗಿ ಕಳಿಸಬಾರದೆಂದು ಅದರಲ್ಲಿ ಒಂದು ಅಚ್ಚು ಬೆಲ್ಲವಿಟ್ಟು ವಾಪಸ್ಸು ಬರುತ್ತಿತ್ತು. ಎರಡು ಮನೆಗಳ ಮಧ್ಯೆ ನಡೆದ ಮಾತುಕತೆ ಅಷ್ಟೇ. ಬೆಲ್ಲವನ್ನು ನಾನು ದಾರಿಯಲ್ಲೇ ಸ್ವಲ್ಪ ಕಚ್ಚುತ್ತಿದ್ದೆ, ಅದು ಎಲ್ಲರಿಗೂ ಗೊತ್ತಿತ್ತು.

ಎರಡು ವರ್ಷಕ್ಕೆ ಅಪ್ಪ ಚಿಕ್ಕಬಳ್ಳಾಪುರದ ಹತ್ತಿರ, ಹೈವೇಗೆ ಅಂಟಿಕೊಂಡಂತೆ ಒಂದು ಶೆಡ್ಡು ಕಟ್ಟಿಸಿದ. ಬಾಯ್ಲರ್ ಬಂತು, ಹಾಲು ತಣ್ಣಗಿಡುವ ತೊಟ್ಟಿ ಬಂತು, ಪ್ಯಾಕೆಟ್ ಮಾಡುವ ಮಿಷನ್ ಬಂತು. ಪ್ಯಾಕೆಟ್ಟಿನ ಮೇಲಿನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಬರೆದರೆ ಜಾಹೀರಾತು ಎಂದು ಯಾರಾದರೂ ಕೇಸು ಹಾಕಬಹುದು. ಬರದಿದ್ದದ್ದು ಹೆಪ್ಪು ಮಾತ್ರ. ಅಜ್ಜಿ ಮರಿಗೆಯನ್ನು ಮನೆ ಬಿಟ್ಟು ಕಳಿಸಲಿಲ್ಲ. ಅಪ್ಪ ಬೇರೆ ಕಡೆಯಿಂದ ಹೆಪ್ಪು ತಂದು ಒಂದು ಪಾತ್ರೆ ಮೊಸರು ಮಾಡಿ ಹೋಟೆಲಿನವರಿಗೆ ಕೊಟ್ಟು ನೋಡಿದ. ಅವರು ಸೌಟು ಎತ್ತಿ ತೋರಿಸಿದರು.

"ಏನ್ ಸೀನಪ್ಪ, ಮೊಸರು ತಂದಿದೀಯೋ ರೇಷ್ಮೆ ತಂದಿದೀಯೋ? ಎಳೆದಷ್ಟೂ ನೂಲು ಬರ್ತೈತೆ. ನಿಮ್ಮಮ್ಮನ ಕೈದು ತಗಂಬಾ. ಇಲ್ಲ ಅಂದ್ರೆ ಬ್ಯಾಡ ಬಿಡು."

ಆ ದಿನ ಊಟಕ್ಕೆ ಕೂತಾಗ ಅಪ್ಪ ತಟ್ಟೆಯ ಮುಂದೆ ಕೈ ತೊಳೆದುಕೊಳ್ಳದೆ ಕೂತಿದ್ದ. ಶೆಡ್ಡು, ಮಿಷನ್ನು, ಕೆಲಸಕ್ಕೆ ಗೊತ್ತು ಮಾಡಿದ್ದ ಜನ, ಎಲ್ಲ ಒಂದು ಚಮಚ ಮೊಸರಿಗೆ ಕಾಯುತ್ತಿದ್ದವು. ಅಜ್ಜಿಗೆ ಕೋಪ ಬಂದರೆ ತೆಲುಗು ಬರುತ್ತಿತ್ತು. ಆ ದಿನ ಶಾಂತವಾಗಿ ಕನ್ನಡದಲ್ಲೇ ಮಾತಾಡಿದ್ದರಿಂದ ನನಗೆ ಹೆಚ್ಚು ಭಯವಾಯಿತು.

"ಹೊಸ ಜಾಗದಾಗೆ ಹಾಲುಕ್ಕಿಸಬೇಕು ತಾನೆ? ಮನೆ ಹೆಣ್ಣುಮಗಳು ಉಕ್ಕಿಸಬೇಕು. ಪಾಪಮ್ಮ ಬರಲಿ. ಅವಳ ಮನೆ ಹಾಲೇ ಆಗಲಿ. ಉಕ್ಕಿದ್ರೆ ಅಲ್ಲೇ ಹೆಪ್ಪು ಕೊಡ್ತೀನಿ. ಇಲ್ಲಾಂದ್ರೆ ನಿನ್ನ ಶೆಡ್ಡು ನಿಂಗೆ, ನನ್ನ ಮರಿಗೆ ನಂಗೆ."

"ಅವಳು ಬರಲ್ಲವ್ವ."

"ಕರೆದಿದೀಯಾ?"

ಮರುದಿನ ಸಂಜೆ ಅಪ್ಪ ಅರಿಶಿನ ಕುಂಕುಮದ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ನನ್ನ ಹಿಂದೆ ಹಿಂದೆ ಹುಣಸೆಮರ ದಾಟಿದ. ಅತ್ತೆ ಹಾಲು ಕರೆಯುತ್ತಿದ್ದಳು. ತಲೆ ಎತ್ತಲಿಲ್ಲ. ಪಾತ್ರೆಯಲ್ಲಿ ಹಾಲಿನ ಸದ್ದು ನಿಲ್ಲಲೂ ಇಲ್ಲ.

"ಪಾಪಕ್ಕ, ಬುಧವಾರ ಶೆಡ್ಡಲ್ಲಿ ಹಾಲುಕ್ಕಿಸೋದು. ನೀನು ಬರ್ಬೇಕು. ಹಾಲೂ ನಿಂದೇ."

"ನಮ್ಮದು ಹಾಲಲ್ವಲ್ಲಪ್ಪ. ನೀರಲ್ವಾ? ನೀರೆಲ್ಲಿ ಉಕ್ಕುತ್ತೆ, ಸುಮ್ನೆ ಕುದೀತದೆ."

"ಅವ್ವ ಹೇಳವ್ಳೆ."

"ಅದೇ. ಅವ್ವ ಹೇಳವ್ಳೆ ಅಂತ ಬಂದೆ."

ಅಪ್ಪ ಹಸು ಕಟ್ಟುವ ಗೊಂತಿಗೆ ಒರಗಿ ನಿಂತ. ಗೊತ್ತಾದ ನಿಜವನ್ನು ಹೇಳಲು ಅವನಿಗೆ ಅದೇ ಸರಿಯಾದ ಜಾಗ, ಸರಿಯಾದ ಹೊತ್ತು. ಬಾಯಿ ತೆರೆದ, ಹಸುವಿನ ಬೆನ್ನು ಸವರಿದ, ಮೇವು ಹೇಗಿದೆ ಎಂದು ಕೇಳಿದ. ಅತ್ತೆ ಎದ್ದು, ಒಂದು ಲೋಟಕ್ಕೆ ನೊರೆಹಾಲು ಬಗ್ಗಿಸಿ ನನಗೆ ಕೊಟ್ಟಳು.

"ಕುಡಿಯಮ್ಮಣ್ಣಿ. ನಿಮ್ಮಪ್ಪನ್ನ ಕೇಳ್ಕೊಂಡು ಕುಡಿ."

ನಾನು ಅಪ್ಪನ ಮುಖ ನೋಡಿದೆ. ಅವನು ತಲೆ ಆಡಿಸಿದ. ಕುಡಿದೆ. ಬರುತ್ತೇನೆ ಎಂದೂ ಬರುವುದಿಲ್ಲ ಎಂದೂ ಅತ್ತೆ ಹೇಳಲಿಲ್ಲ. ಆದರೆ ಕುಂಕುಮ ಇಟ್ಟುಕೊಂಡಳು. ಅದರ ಅರ್ಥವೇನು ಎಂಬುದರ ಮೇಲೆ ನಮ್ಮ ಮನೆಯಲ್ಲಿ ಮೂರು ದಿನ ಚರ್ಚೆಯಾಯಿತು. ನಾನು ಗೆಣ್ಣುಗಳನ್ನು ಎಣಿಸತೊಡಗಿದ್ದು ಆಗಲೇ.

ಬುಧವಾರ ಬಂತು. ಪುರೋಹಿತರು ನಮಗಿಂತ ಮೊದಲೇ ಬಂದು ಶೆಡ್ಡಿನ ಮುಂದೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಟೆಂಪೋದ ಟೈರು ಗಟ್ಟಿಯಾಗಿತ್ತು. ಮರಿಗೆ ಅಜ್ಜಿಯ ಮಡಿಲಲ್ಲಿ ಮಲಗಿದ ಮಗುವಿನ ಹಾಗೆ ಬಂತು. ಬಾಯ್ಲರ್ ಬಾಯ್ಲರಿನ ಪಾಡಿಗಿತ್ತು. ಉಪ್ಪಿಟ್ಟು ಎಷ್ಟು ಮಿಕ್ಕಿತೆಂದರೆ ಚಿಂತಾಮಣಿಯ ನೆಂಟರು ಕಟ್ಟಿಸಿಕೊಂಡೂ ಹೋದರು. ಊರಿನಿಂದ ಹಾಲು ಹಾಕುವವರೆಲ್ಲ ಒಂದು ಲಾರಿಯಲ್ಲಿ ಬಂದು ಇಳಿದರು. ಅವರಲ್ಲಿ ಒಮ್ಮೆಯಾದರೂ ಅಪ್ಪನಿಂದ ಹಾಲು ವಾಪಸ್ಸು ಪಡೆಯದವರು ಕಡಿಮೆ. ಎಲ್ಲರಿಗಿಂತ ಕೊನೆಗೆ, ಲಾರಿಯ ಹಲಗೆ ಹಿಡಿದುಕೊಂಡು, ಹಸಿರು ಸೀರೆ ಉಟ್ಟ ಪಾಪಮ್ಮತ್ತೆ ಇಳಿದಳು. ಕೈಯಲ್ಲಿ ಬಟ್ಟೆ ಕಟ್ಟಿದ ಹಾಲಿನ ಪಾತ್ರೆ. ಅಪ್ಪ ಅದನ್ನು ಇಸಿದುಕೊಳ್ಳಲು ಕೈ ಚಾಚಿದ. ಅವಳು ಕೊಡಲಿಲ್ಲ, ತಾನೇ ಒಳಗೆ ತಂದಳು. ಶೆಡ್ಡಿನ ನಡುವೆ ಮೂರು ಇಟ್ಟಿಗೆ, ಅದರ ಮೇಲೆ ಅರಿಶಿನ ಹಚ್ಚಿದ ಹೊಸ ಮಡಕೆ, ಕೆಳಗೆ ಬೆರಣಿ. ಪೂರ್ವಕ್ಕೆ ಮುಖ ಮಾಡಿ ಅತ್ತೆ ಕೂತಳು. ಈ ಪೀಳಿಗೆಯ ಹೆಣ್ಣುಮಗಳೂ ಇರಲಿ ಎಂದು ಅಜ್ಜಿ ನನ್ನನ್ನು ಅವಳ ಪಕ್ಕ ಕೂರಿಸಿದಳು. ಸುತ್ತ ಜನ ನಿಂತರು. ಅಜ್ಜಿ ಮರಿಗೆ ಹಿಡಿದು ಎದುರಿಗೇ ಕೂತಿದ್ದಳು, ಬಟ್ಟೆಯ ಗಂಟು ಇನ್ನೂ ಬಿಚ್ಚಿರಲಿಲ್ಲ.

ಕೆಟ್ಟದ್ದು ಒಂದೇ, ಅದೂ ಸಣ್ಣದು. ಪುರೋಹಿತರು ಪೂಜೆಗೆಂದು ತುಂಬಿಟ್ಟಿದ್ದ ಚೊಂಬನ್ನು ನನ್ನ ಬಲಗೈ ಪಕ್ಕದಲ್ಲಿ ಇಟ್ಟಿದ್ದರು. ಹಾಲು ಬಿಸಿಯಾಯಿತು, ಅಂಚಿನಲ್ಲಿ ಸಣ್ಣ ಗುಳ್ಳೆ ಕಟ್ಟಿತು, ನಡುವಿನ ಕೆನೆ ಸುಕ್ಕಾಯಿತು, ಆಮೇಲೆ ಒಂದೇ ಉಸಿರಿಗೆ ಮಡಕೆಯ ಕಂಠದವರೆಗೆ ಏರಿತು. ಜನ ಕತ್ತು ಚಾಚಿದರು. ಅಪ್ಪ ಕೈ ಮುಗಿದ. ಆಗ ನನ್ನ ಕೈ, ನನ್ನನ್ನು ಕೇಳದೆ, ದಿನಕ್ಕೆ ಎರಡು ಹೊತ್ತು ಮಾಡಿದ ಕೆಲಸವನ್ನೇ ಮಾಡಿತು. ಚೊಂಬಿಗೆ ಅದ್ದಿ ನೀರು ಹಾಕಿತು. ಗಾಬರಿಯಲ್ಲಿ ನಾಲ್ಕು ಹನಿಯ ಬದಲು ಒಂದು ಬೊಗಸೆಯೇ ಬಿತ್ತು. ಹಾಲು ಸುಯ್ಯೆಂದು ತಳಕ್ಕೆ ಇಳಿಯಿತು.

ಹೊರಗೆ ಹೈವೇಯಲ್ಲಿ ಒಂದು ಲಾರಿ ಹೋದದ್ದು ಕೇಳಿಸಿತು. ಪುರೋಹಿತರು ಪಂಚಾಂಗದಲ್ಲಿ ಇದಕ್ಕೆ ಏನಾದರೂ ಇದೆಯೋ ಎಂಬಂತೆ ಚೀಲದ ಕಡೆ ನೋಡಿದರು. ಪಾಪಮ್ಮತ್ತೆ ನಿಧಾನಕ್ಕೆ ತಲೆ ಎತ್ತಿ ಊರಿನವರ ಕಡೆ ತಿರುಗಿದಳು.

"ಎಲ್ಲಾರೂ ನೋಡ್ಕೊಂಡ್ರಾ? ನಮ್ಮ ಮನೆ ಹಾಲಿಗೆ ನೀರು ಹಾಕ್ದೋರು ಯಾರು ಅಂತ?"

ಮೊದಲು ನಕ್ಕದ್ದು ಅಜ್ಜಿ. ಅವಳು ಮರಿಗೆ ಅಲುಗದ ಹಾಗೆ, ಹೊಟ್ಟೆಯಿಂದ ಮೇಲೆ ಮಾತ್ರ ನಕ್ಕಳು. ಆಮೇಲೆ ಊರೇ ನಕ್ಕಿತು. ಅತ್ತೆ ಮಾತ್ರ ನಗದೆ ಅಪ್ಪನ ಕಡೆ ಕೈ ಚಾಚಿದಳು.

"ಎಲ್ಲೋ ಸೀನ, ನಿನ್ನ ಗಾಜಿನ ಕಡ್ಡಿ? ತಗಂಬಾ. ಡಿಗ್ರಿ ನೋಡು."

ಅಪ್ಪ ಮುಗಿದ ಕೈಯನ್ನು ಇನ್ನೂ ಬಿಡಿಸಿರಲಿಲ್ಲ. ಮಡಕೆಯನ್ನು ನೋಡಿದ, ಅಕ್ಕನನ್ನು ನೋಡಿದ.

"ಬ್ಯಾಡ ಪಾಪಕ್ಕ. ಹಾಲು ಸರಿಯಾಗೈತೆ. ಆವತ್ತೂ ಸರಿಯಾಗೇ ಇತ್ತು."

ನೀರು ಬಿದ್ದದ್ದನ್ನು ಕಣ್ಣಾರೆ ಕಂಡೂ ಅಪ್ಪ ಪಾಸು ಮಾಡಿದ ಹಾಲು, ನನಗೆ ತಿಳಿದ ಮಟ್ಟಿಗೆ, ಅದೊಂದೇ. ಆವತ್ತಿನ ಹಾಲಿನ ಮಾತನ್ನು ಅಕ್ಕನ ಸಮಾಧಾನಕ್ಕೆ ಹೇಳಿದ ಎಂದೇ ನಾನು ಬಹಳ ವರ್ಷ ಅಂದುಕೊಂಡಿದ್ದೆ. ಅತ್ತೆ ಇನ್ನೊಂದು ಬೆರಣಿ ಮುರಿದು ಬೆಂಕಿಗೆ ಹಾಕಿ, ಚೊಂಬನ್ನು ತನ್ನ ಆಚೆ ಬದಿಗೆ ಸರಿಸಿದಳು. ಎದುರಿಗೆ ಅಜ್ಜಿ ಬಟ್ಟೆಯ ಗಂಟಿಗೆ ಕೈ ಹಾಕಿದ್ದಳು. ಹಾಲು ಎರಡನೆಯ ಸಲ ಏರತೊಡಗಿದಾಗ ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಿದ್ದೆ.